ಮಳೆ ಕಾಯುತ್ತಿದ್ದ ಕಾಡು

ಹೊಳೆಹೊನ್ನೂರಿಗೆ ಮಳೆಗಾಲ ಎರಡು ದಾರಿಯಲ್ಲಿ ಬರುತ್ತದೆ. ಒಂದು ತಲೆಯ ಮೇಲಿನ ಮೋಡದಿಂದ, ಇನ್ನೊಂದು ಊರ ಮಗ್ಗುಲಿನ ಭದ್ರೆಯಿಂದ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಏಳುವ ಮುಂಚೆ ಈ ಎರಡನೆಯದೇ ಮೊದಲು ಬರುತ್ತಿದ್ದ ವರ್ಷಗಳೂ ಇದ್ದವು. ಊರಿನಲ್ಲಿ ಇನ್ನೂ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಕೆಂಪಾಗಿ, ತರಗು, ಕಡ್ಡಿ, ಬಿದಿರಿನ ಬುಡಗಳನ್ನು ಹೊತ್ತುಕೊಂಡು ಏರತೊಡಗುತ್ತಿತ್ತು. ಘಟ್ಟದಲ್ಲಿ ಮಳೆ ಹಿಡಿದಿದೆ ಎಂದು ಜನರಿಗೆ ತಿಳಿಯುತ್ತಿದ್ದದ್ದು ಹೀಗೆ. ಆಕಾಶ ನೋಡಿ ಅಲ್ಲ, ನೀರು ನೋಡಿ.

ಇದಕ್ಕೆ ಕಾರಣ ಭೂಗೋಳದಲ್ಲಿದೆ. ತುಂಗೆ ಮತ್ತು ಭದ್ರೆ ಎರಡೂ ಹುಟ್ಟುವುದು ಕುದುರೆಮುಖ ಸಾಲಿನ ವರಾಹ ಪರ್ವತದಲ್ಲಿರುವ ಗಂಗಾಮೂಲದಲ್ಲಿ. ಒಂದೇ ತವರಿನಿಂದ ಹೊರಟ ಇವು ಬೇರೆ ಬೇರೆ ಕಣಿವೆಗಳನ್ನು ಸುತ್ತಿ, ಹೊಳೆಹೊನ್ನೂರಿಗೆ ಸಮೀಪದ ಕೂಡಲಿಯಲ್ಲಿ ಮತ್ತೆ ಸೇರುತ್ತವೆ. ಅಲ್ಲಿಗೆ ತುಂಗೆ ನಡೆದ ದಾರಿ ಸುಮಾರು 147 ಕಿಲೋಮೀಟರ್. ಭದ್ರೆಯದು ಇನ್ನೂ ಸ್ವಲ್ಪ ಹೆಚ್ಚು. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್‌ನಷ್ಟು ಮಳೆ ಸುರಿಯುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲೇ ಅಲ್ಲಿ 4,508 ಮಿಲಿಮೀಟರ್ ಬಿದ್ದದ್ದು ದಾಖಲಾಗಿದೆ. ಅಲ್ಲಿಂದ ಪೂರ್ವಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ಬಂದರೆ ಸಿಗುವ ಹೊಳೆಹೊನ್ನೂರಿನಲ್ಲಿ ಬೀಳುವ ವರ್ಷದ ಮಳೆ ಆಗುಂಬೆಯ ಆರನೆಯ ಒಂದು ಪಾಲಿನಷ್ಟೂ ಇಲ್ಲ. ಅರೆಮಲೆನಾಡಿನ ಈ ಅಂಚಿನಲ್ಲಿ ನಿಂತವನಿಗೆ ಬೆಟ್ಟದ ಮೇಲೆ ಹವೆ ಹೇಗಿದೆ ಎಂಬುದು ಕಾಣುವುದೇ ಇಲ್ಲ.

ಕಾಣದೆ ಹೋದದ್ದರಿಂದ ಪೆಟ್ಟು ತಿಂದವರಲ್ಲಿ ಬೇಟೆಗಾರರೇ ಮುಂದು. ಬಯಲಿನ ಊರಿನಿಂದ ಬಿಸಿಲಿನಲ್ಲಿ ಹೊರಟ ತಂಡ, ಗಾಡಿಯಲ್ಲಿ ಅಕ್ಕಿ, ಪಾತ್ರೆ, ಕಂಬಳಿ, ಹಿಂದೆ ನಾಯಿಗಳು. ಎರಡನೆಯ ದಿನ ಕಾಡಿನ ಒಳಗೆ ಸೇರುವಷ್ಟರಲ್ಲಿ ಬೆಟ್ಟ ಮುಚ್ಚಿಕೊಂಡುಬಿಡುತ್ತಿತ್ತು. ಮಲೆನಾಡಿನ ಬೇಟೆಯ ಇತಿಹಾಸವನ್ನು ರಾಜರ ಶೌರ್ಯದ, ಸಾಹೇಬರ ಗುರಿಯ ಕಥೆಯಾಗಿ ಹೇಳುವುದು ವಾಡಿಕೆ. ಅದನ್ನು ಮಳೆಯ ಕಥೆಯಾಗಿಯೂ ಹೇಳಬಹುದು, ಹೇಳಬೇಕು ಕೂಡ. ಏಕೆಂದರೆ ಶತಮಾನಗಳ ಕಾಲ ಈ ಕಾಡುಗಳ ಪ್ರಾಣಿಗಳಿಗೆ ವರ್ಷದಲ್ಲಿ ನಾಲ್ಕು ತಿಂಗಳು ಕಾವಲಿದ್ದದ್ದು ಯಾವ ಅರಸನ ಆಜ್ಞೆಯೂ ಅಲ್ಲ, ಮಳೆ.

ಶಿಕಾರಿಯ ಊರುಗಳು

ಶಿವಮೊಗ್ಗ ಜಿಲ್ಲೆಯಲ್ಲಿ ಬೇಟೆಯ ಹೆಸರನ್ನೇ ಹೊತ್ತ ಊರೊಂದಿದೆ. ಮೊದಲು ಮಲಿಯನಹಳ್ಳಿಯಾಗಿದ್ದು, ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರ ಎನಿಸಿಕೊಂಡ ಊರು, ಹೈದರ್ ಅಥವಾ ಟಿಪ್ಪುವಿನ ಬೇಟೆಯ ಸವಾರಿಯಲ್ಲಿ ಅಲ್ಲಿ ಹೇರಳವಾಗಿ ಶಿಕಾರಿ ದೊರೆತ ಕಾರಣ ಶಿಕಾರಿಪುರವಾಯಿತು ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ತಂದೆಯೋ ಮಗನೋ ಎಂಬುದನ್ನು ಗೆಜೆಟಿಯರ್ ನಿರ್ಧರಿಸಿಲ್ಲ. ಜನ ಅದನ್ನು ಕೇಳಿಕೊಂಡು ಕೂತದ್ದೂ ಇಲ್ಲ. ಹೆಸರು ಮಾತ್ರ ಉಳಿಯಿತು.

ಇದಕ್ಕಿಂತ ಹಳೆಯ ದಾಖಲೆಗಳು ಕಲ್ಲಿನಲ್ಲಿವೆ. ಕರ್ನಾಟಕದ ಬೇಟೆಯ ಶಾಸನಗಳಲ್ಲಿ ಹೆಸರಾದದ್ದು ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಮೇಲೆ, ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿದ್ದು ಭೂಮಿಯನ್ನಲ್ಲ, ಹೊನ್ನನ್ನಲ್ಲ, 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕ್ರಿ.ಶ. 949-50ರ ಸುಮಾರಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ನಾಯಿಗೆ ಸ್ಮಾರಕ ನಿಲ್ಲಿಸಿದ ನಾಡು ನಮ್ಮದು ಎಂದು ಹೆಮ್ಮೆಪಡುವವರು, ಆ ಹಂದಿಗೂ ಅದೇ ಕಲ್ಲಿನಲ್ಲಿ ಅಷ್ಟೇ ಜಾಗ ಸಿಕ್ಕಿದೆ ಎಂಬುದನ್ನು ಗಮನಿಸಬೇಕು. ನಾಯಿ ಮತ್ತು ಹಂದಿ ಎದುರುಬದುರು ನಿಂತ ಆ ಶಿಲ್ಪ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮುಂದೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಬೇಟೆಯನ್ನು ಅರಸರ ವಿನೋದಗಳಲ್ಲಿ ಒಂದಾಗಿ ಬಗೆಬಗೆಯಾಗಿ ವಿವರಿಸಿದ. ವಿಜಯನಗರದವರು ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಬೇಟೆಯ ಸಾಲುಗಳನ್ನೇ ಕೆತ್ತಿಸಿದರು. ಮಹಾನವಮಿ ಬರುವುದು ಯಾವಾಗ? ಮುಂಗಾರು ಹಿಂದೆ ಸರಿದು, ಕೆಸರು ಆರಿ, ಹೊಳೆಗಳು ಇಳಿಯುವಾಗ. ಆಯುಧಗಳನ್ನು ತೆಗೆದು ಪೂಜಿಸುವ ಹಬ್ಬ ವರ್ಷದ ಈ ಹೊತ್ತಿಗೇ ಬಿದ್ದಿರುವುದು ಆಕಸ್ಮಿಕವಲ್ಲ. ಯುದ್ಧಕ್ಕಾಗಲಿ ಬೇಟೆಗಾಗಲಿ ದಾರಿ ತೆರೆಯುತ್ತಿದ್ದದ್ದು ಆಗಲೇ.

ಯುದ್ಧದ ಮಾತು ಬಂದದ್ದರಿಂದ ಹೊಳೆಹೊನ್ನೂರಿನದೇ ಒಂದು ಉದಾಹರಣೆ ಕೊಡಬಹುದು. 1791ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದ ಕಾರ್ನ್‌ವಾಲಿಸ್, ಮಳೆ, ರೋಗ ಮತ್ತು ಮೇವಿನ ಅಭಾವದಿಂದ ಕಂಗೆಟ್ಟು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಮ್ಮೆಟ್ಟಿದ. ಅದೇ ವರ್ಷದ ಡಿಸೆಂಬರಿನಲ್ಲಿ ಪರಶುರಾಮ ಭಾವುವಿನ ಮರಾಠಾ ಸೇನೆ ಮತ್ತು ಕ್ಯಾಪ್ಟನ್ ಲಿಟ್ಲ್‌ನ ತುಕಡಿ ಹೊಳೆಹೊನ್ನೂರಿನ ಕೋಟೆಯನ್ನು ಹಿಡಿದು, ತಿಂಗಳ ಕೊನೆಯಲ್ಲಿ ಶಿವಮೊಗ್ಗದ ಬಳಿ ಯುದ್ಧಕ್ಕೆ ಇಳಿದವು. ಮೇ ತಿಂಗಳಿನಲ್ಲಿ ಆಗದ್ದು ಡಿಸೆಂಬರಿನಲ್ಲಿ ಆಯಿತು. ಸೈನ್ಯಕ್ಕೇ ಈ ಗತಿಯಾದರೆ ಹತ್ತು ಜನರ ಬೇಟೆಯ ತಂಡದ ಪಾಡೇನು?

ಮಳೆ ಬೇಟೆಯನ್ನು ಕೆಡಿಸುವ ಬಗೆ

ಮಲೆನಾಡಿನ ಬೇಟೆ ಮುಖ್ಯವಾಗಿ ಎರಡು ರೀತಿ. ಒಂದರಲ್ಲಿ ಊರಿನವರೆಲ್ಲ ಸೇರಿ ಹಳು ಸೋವುತ್ತಾರೆ. ಅಂದರೆ ಒಂದು ಕಡೆಯಿಂದ ಕೂಗುತ್ತ, ಪೊದೆ ಬಡಿಯುತ್ತ, ನಾಯಿಗಳನ್ನು ಛೂ ಬಿಡುತ್ತ ಮುನ್ನುಗ್ಗುತ್ತಾರೆ. ಕೋವಿಯವರು ಇನ್ನೊಂದು ಕಡೆ, ಮಿಗ ಹಾಯುವ ಕಂಡಿಗಳಲ್ಲಿ ಉಸಿರು ಬಿಗಿಹಿಡಿದು ಕೂರುತ್ತಾರೆ. ಇನ್ನೊಂದು, ಮರಸು ಕೂರುವುದು. ಬೇಸಗೆಯಲ್ಲಿ ನೀರಿನ ಗುಂಡಿಯ ಬಳಿಯೋ ಹಣ್ಣು ಉದುರುವ ಮರದ ಬಳಿಯೋ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾಯುವ ಏಕಾಂತದ ಬೇಟೆ ಇದು. ಕಡವೆ, ಕಾಡುಕುರಿ, ಬರ್ಕ, ಹಂದಿ ಸಾಮಾನ್ಯ ಗುರಿ. ಹುಲಿಯನ್ನು ಬಲೆಯೊಡ್ಡಿ ಈಟಿಯಿಂದ ತಿವಿಯುವ ಪದ್ಧತಿಯೂ ಮೈಸೂರು ಸೀಮೆಯಲ್ಲಿತ್ತು. ಆನೆ ಹಿಡಿಯುವ ಖೆಡ್ಡಾಗಳನ್ನು ಮೈಸೂರಿನಲ್ಲಿ ಆರಂಭಿಸಿದ ಜಿ.ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾನೆ.

ಈ ಎರಡೂ ಬೇಟೆಗಳನ್ನು ಒಂದೇ ಒಂದು ಅಡ್ಡಮಳೆ ಹಾಳುಮಾಡಬಲ್ಲದು. ಮರಸಿನದು ಸುಲಭದ ಲೆಕ್ಕ. ಏಪ್ರಿಲ್ ತಿಂಗಳಿನಲ್ಲಿ ಹತ್ತು ಮೈಲಿಗೆ ಒಂದೇ ಕೆರೆಯಲ್ಲಿ ನೀರಿದ್ದರೆ ಕಾಡಿನ ಜೀವವೆಲ್ಲ ಅಲ್ಲಿಗೆ ಬರಲೇಬೇಕು. ಸಂಜೆ ಗುಡುಗಿ ಒಂದು ತಾಸು ಮಳೆ ಹುಯ್ದರೆ ಪ್ರತಿಯೊಂದು ಬಂಡೆಯ ಕುಳಿಯೂ ಕೆರೆಯೇ. ಮೂರು ದಿನ ಕಟ್ಟಿದ ಅಟ್ಟಣೆ ಒಂದು ರಾತ್ರಿಯಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ. ಅದರ ಮೇಲೆ ಸಿಡಿಲಿನ ಭಯ ಬೇರೆ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳೇ ಸಿಡಿಲಿನ ಕಾಲ. ಗುಡ್ಡದ ನೆತ್ತಿಯ ಒಂಟಿ ಮರದಲ್ಲಿ ಕಬ್ಬಿಣದ ನಳಿಗೆ ಹಿಡಿದು ಕೂರುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಸೋವಿನ ಬೇಟೆಗೆ ಬೇಕಾದ್ದು ಕಿವಿ ಮತ್ತು ಮೂಗು. ಮನುಷ್ಯರ ಕಿವಿ, ನಾಯಿಯ ಮೂಗು. ಜಡಿಮಳೆಯಲ್ಲಿ ಎಲೆಗಳ ಸದ್ದಿಗೆ ಕೂಗು ಕೇಳುವುದಿಲ್ಲ. ಸೋವಿನ ಸಾಲು ಒಡೆದು ಯಾರು ಎಲ್ಲಿದ್ದಾರೆ ಎಂಬುದೇ ತಿಳಿಯದಂತಾಗುತ್ತದೆ. ಮಂಜು ಇಳಿದರೆ ಇನ್ನೂ ಅಪಾಯ: ಪೊದೆ ಅಲ್ಲಾಡಿದ್ದು ಹಂದಿಯೋ ಹಂದಿಯ ಹಿಂದೆ ಬಂದ ಮನುಷ್ಯನೋ ಎಂದು ಕೋವಿಯವನು ಕ್ಷಣದಲ್ಲಿ ತೀರ್ಮಾನಿಸಬೇಕು. ನಾಯಿಯ ವಿಚಾರ ಮಾತ್ರ ಸ್ವಲ್ಪ ಸೂಕ್ಷ್ಮ. ತುಸು ತೇವವಿದ್ದ ನೆಲದಲ್ಲಿ ವಾಸನೆ ಚೆನ್ನಾಗಿ ಉಳಿಯುತ್ತದೆ. ಸುರಿಮಳೆ ಅದನ್ನು ಪೂರ್ತಿ ತೊಳೆದುಬಿಡುತ್ತದೆ. ಹಾಗಾಗಿ ಮಳೆಯನ್ನು ಶಪಿಸುವ ಬೇಟೆಗಾರನೇ ಮಳೆ ಹೊಳವಾದ ಮಾರನೆಯ ಬೆಳಿಗ್ಗೆಯನ್ನು ಹಾರೈಸುತ್ತಿದ್ದ. ಆಗ ಹೆಜ್ಜೆ ಹಸಿಯಾಗಿ ಕಾಣುತ್ತದೆ, ಕಾಲಡಿಯ ತರಗು ಸದ್ದು ಮಾಡುವುದಿಲ್ಲ. ಹವೆ ಒಂದು ದಿನ ಕಸಿದುಕೊಂಡದ್ದನ್ನು ಮಾರನೆಯ ದಿನ ಕೊಡುವುದೂ ಉಂಟು. ಆದರೆ ಆ ಮಾರನೆಯ ದಿನ ಬರುವವರೆಗೆ ಬುತ್ತಿ ಉಳಿದಿರಬೇಕು, ಹಳ್ಳ ದಾಟುವಂತಿರಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಗಾಯಗೊಂಡ ಪ್ರಾಣಿಯ ಪ್ರಶ್ನೆ. ಗುಂಡು ತಾಗಿದ ಮಿಗ ಅಲ್ಲೇ ಬೀಳುವುದು ಕಡಿಮೆ. ನೆತ್ತರಿನ ಹನಿ ಹಿಡಿದು ಹಿಂದೆ ಹೋಗಬೇಕು. ಅಷ್ಟರಲ್ಲಿ ಮಳೆ ಬಂದರೆ ಹನಿಯೂ ಇಲ್ಲ, ಹೆಜ್ಜೆಯೂ ಇಲ್ಲ. ಕಡವೆಯಾದರೆ ಎಲ್ಲೋ ನರಳಿ ಸಾಯುತ್ತದೆ. ಹುಲಿಯೋ ಚಿರತೆಯೋ ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಕುಮಾವೂಂ ಬೆಟ್ಟಗಳಲ್ಲಿ 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದಿದ್ದವು. ಸಹಜ ಬೇಟೆ ಆಗದೆ ಅದು ಮನುಷ್ಯರ ಮೇಲೆ ತಿರುಗಿತು ಎಂಬುದು ಅವನ ತೀರ್ಮಾನ. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ಕಥೆಗಳಲ್ಲಿ ಶಿವಮೊಗ್ಗ ಸೀಮೆಯ ಕಾಡುಗಳೂ ಬರುತ್ತವೆ. ಪೂರ್ಣಚಂದ್ರ ತೇಜಸ್ವಿ ಅವನ್ನು 'ಕಾಡಿನ ಕಥೆಗಳು' ಎಂಬ ಮಾಲೆಯಾಗಿ ಕನ್ನಡಕ್ಕೆ ತಂದದ್ದರಿಂದ ನಮ್ಮ ಓದುಗರಿಗೆ ಅವು ಪರಿಚಿತ. ಯಾರೋ ಗುರಿ ತಪ್ಪಿ ಹೊಡೆದು ಬಿಟ್ಟುಹೋದ ಮೃಗದ ಸಾಲವನ್ನು ಹಳ್ಳಿಯವರು ತೀರಿಸಬೇಕಾದ ಸಂಗತಿ ಅಲ್ಲಿಯೂ ಮತ್ತೆ ಮತ್ತೆ ಎದುರಾಗುತ್ತದೆ.

ಇನ್ನು ಕೋವಿ. ಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಹವೆಯ ತೇವ ಹೀರಿಕೊಂಡರೆ ಅದು ಮದ್ದಲ್ಲ, ಕರಿಮಣ್ಣು. ಬತ್ತಿಯ ಕೋವಿಯಲ್ಲಿ ಉರಿಯುವ ಬತ್ತಿಯನ್ನೂ ತೆರೆದ ಬಟ್ಟಲಿನ ರಂಜಕವನ್ನೂ ಒಟ್ಟಿಗೆ ಮಳೆಯಿಂದ ಕಾಪಾಡಬೇಕಾಗಿತ್ತು. ಆಗುಂಬೆಯ ಮಳೆಯಲ್ಲಿ ಇದು ಆಗುವ ಮಾತಲ್ಲ. ಚಕಮಕಿ ಕಲ್ಲಿನ ಕೋವಿ ಬಂದಾಗ ಬತ್ತಿಯ ಕಾಟ ತಪ್ಪಿತು, ಬಟ್ಟಲಿನ ಕಾಟ ಉಳಿಯಿತು. ಅದನ್ನು ತಪ್ಪಿಸುವ ದಾರಿ ತೋರಿಸಿದವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿ, ಹಕ್ಕಿ ಬೇಟೆಯ ಹುಚ್ಚಿನವನು. ಬಟ್ಟಲಿನ ಮದ್ದು ಭಗ್ಗನೆ ಉರಿದದ್ದನ್ನು ಕಂಡು ಹಕ್ಕಿಗಳು ಗುಂಡು ತಲುಪುವ ಮೊದಲೇ ಹಾರಿಬಿಡುತ್ತಿದ್ದವಂತೆ. ಆ ಸಿಟ್ಟಿಗೆ ಅವನು ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ಉಪಾಯ ಹೂಡಿ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಬೆಳೆದದ್ದೇ ಮಲೆನಾಡಿನ ಮನೆಮನೆಯಲ್ಲಿ ಮುಂದೆ ಕಾಣಿಸಿಕೊಂಡ ಕೇಪಿನ ಕೋವಿ. ಒಂದು ಸಣ್ಣ ತಾಮ್ರದ ಟೋಪಿ ಕೋವಿಯ ಕಿವಿಯನ್ನು ಮುಚ್ಚಿತು. ಮಳೆ ಮತ್ತು ಮದ್ದಿನ ನಡುವಿನ ಜಗಳದಲ್ಲಿ ಮಳೆ ಮೊದಲ ಬಾರಿಗೆ ಒಂದು ಹೆಜ್ಜೆ ಹಿಂದೆ ಸರಿದದ್ದು ಇಲ್ಲಿ.

ಪೂರ್ತಿ ಸೋಲಲಿಲ್ಲ. ಕೇಪಿನ ಕೋವಿಗೂ ಬಾಯಿಂದ ಮದ್ದು, ಬಟ್ಟೆಯ ಚೂರು, ಚರೆ ತುಂಬಿ ಗಜದಿಂದ ಜಡಿಯಬೇಕು; ಮಳೆಯಲ್ಲಿ ಎರಡನೆಯ ಈಡು ತುಂಬುವುದೆಂದರೆ ನಳಿಗೆಗೆ ನೀರು ತುಂಬಿದಂತೆಯೇ. ಆಮೇಲೆ ಬಂದ ತೋಟಾ ಕೋವಿಯ ತೋಟೆಗಳು ಬಹುಕಾಲ ರಟ್ಟಿನವಾಗಿದ್ದವು. ಆಷಾಢದ ಹವೆಗೆ ಅವು ಉಬ್ಬಿ ನಳಿಗೆಗೆ ಇಳಿಯದೆ ಸತಾಯಿಸುತ್ತಿದ್ದವು.

ಆಕಾಶದ ಬೇಟೆ, ನೆಲದ ಹಬ್ಬ

ಹೀಗೆ ಮಳೆಯ ಮುಂದೆ ಮಣಿಯುವುದು ಅನಿವಾರ್ಯವಾದಾಗ ಜನ ಅದನ್ನು ಕ್ರಮವನ್ನಾಗಿ ಮಾಡಿಕೊಂಡರು. ಮಳೆಗಳನ್ನು ನಕ್ಷತ್ರದ ಹೆಸರಿನಿಂದ ಕರೆಯುವ ನಮ್ಮ ರೈತರ ಲೆಕ್ಕದಲ್ಲಿ ಇದರ ಒಂದು ಸುಂದರ ಗುರುತಿದೆ. ಜೂನ್ 7-8ರ ಸುಮಾರಿಗೆ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುತ್ತಾನೆ. ಮುಂಗಾರು ಮಲೆನಾಡಿಗೆ ಕಾಲಿಡುವುದೂ ಹೆಚ್ಚುಕಡಿಮೆ ಆಗಲೇ. ಎರಡು ವಾರಕ್ಕೆ ಆರಿದ್ರಾ. ಮೃಗಶಿರ ಎಂದರೆ ಮೃಗದ ತಲೆ. ಮೃಗದ ರೂಪ ತಾಳಿದ ಪ್ರಜಾಪತಿಯನ್ನು ರುದ್ರ ಬಾಣದಿಂದ ಹೊಡೆದ ಕಥೆ 'ಐತರೇಯ ಬ್ರಾಹ್ಮಣ'ದಲ್ಲಿದೆ. ಆ ಬೇಟೆಯೇ ಆಕಾಶದಲ್ಲಿ ಉಳಿದಿದೆ ಎಂದು ಹಿಂದಿನವರು ಕಂಡರು: ಮೂರು ನಕ್ಷತ್ರಗಳ ಸಾಲು ಬಾಣ, ಹಿಂದೆ ಹೊಳೆಯುವ ಲುಬ್ಧಕ ಮೃಗವ್ಯಾಧ, ಅಂದರೆ ಬೇಡ. ಮಲೆನಾಡಿನ ಬೇಟೆಗಾರನ ಬಾಯಲ್ಲಿರುವ 'ಮಿಗ' ಈ ಮೃಗವೇ.

ನವೆಂಬರಿನಿಂದ ಮಾರ್ಚಿಯವರೆಗೆ ಈ ಆಕಾಶದ ಬೇಟೆ ರಾತ್ರಿ ಸ್ಪಷ್ಟವಾಗಿ ಕಾಣುತ್ತದೆ. ನೆಲದ ಮೇಲೂ ಅದೇ ಬೇಟೆಯ ಕಾಲ. ಸೂರ್ಯ ಮೃಗಶಿರಕ್ಕೆ ಬಂದಾಗ ಆ ನಕ್ಷತ್ರಗಳು ಅವನ ಬೆಳಕಿನಲ್ಲಿ ಮುಳುಗಿ ಮರೆಯಾಗುತ್ತವೆ. ಉಳಿದ ಆಕಾಶವನ್ನು ಮೋಡ ಮುಚ್ಚುತ್ತದೆ. ಬೇಡನೂ ಇಲ್ಲ, ಬಾಣವೂ ಇಲ್ಲ. ಇದನ್ನು ಯಾರೋ ಕೂತು ಯೋಜಿಸಿದರು ಎಂದು ಹೇಳುವಂತಿಲ್ಲ. ವೈದಿಕ ಕಥೆ ಹುಟ್ಟಿದ ನೆಲ ಬೇರೆ, ಮಲೆನಾಡು ಬೇರೆ. ಆದರೆ ಎರಡೂ ಒಂದೇ ಪಂಚಾಂಗದಲ್ಲಿ ಬಂದು ಕೂತದ್ದು ನಿಜ.

ನೆಲದ ಹಬ್ಬಗಳಲ್ಲಿ ಈ ಕ್ರಮ ಇನ್ನೂ ನೇರವಾಗಿದೆ. ಕೊಡಗಿನಲ್ಲಿ ನಾಟಿಯ ಕಾಲಕ್ಕೆ ಕೋವಿ, ಕತ್ತಿಗಳನ್ನು ಕನ್ನಿಕೊಂಬರೆಯಲ್ಲಿ, ಅಂದರೆ ಮನೆಯ ಪೂಜಾ ಕೋಣೆಯಲ್ಲಿ ಇಟ್ಟುಬಿಡುವ ಪದ್ಧತಿ. ಕಕ್ಕಡ ತಿಂಗಳಿನ ಮಳೆ ಕಳೆದು, ನಾಟಿ ಮುಗಿದು, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ದಿನ ಅವನ್ನು ತೆಗೆದು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಹಿಂದೆ ಆ ದಿನದಿಂದ ಬೇಟೆ ಶುರುವಾಗುತ್ತಿತ್ತು. ತುಳುನಾಡಿನಲ್ಲಿ ಬೇಟೆಗೆ ಹೆಸರಾದ ಕೆಡ್ಡಸ ಬರುವುದು ಫೆಬ್ರವರಿಯಲ್ಲಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಬೇಟೆ ಹೋಗುವ ರೂಢಿಯಿತ್ತು. ಬೇಟೆಯ ಹಬ್ಬವೊಂದು ಜುಲೈ ತಿಂಗಳಿನಲ್ಲಿ ಬಿದ್ದ ಉದಾಹರಣೆ ಘಟ್ಟದ ಸೀಮೆಯಲ್ಲಿ ಸಿಗುವುದು ಕಷ್ಟ.

ಇದೇ ಮಳೆಯಲ್ಲಿ ಮತ್ತೊಂದು ಬಗೆಯ ಜನರೂ ನಿಂತ ಕಡೆ ನಿಲ್ಲುತ್ತಿದ್ದರು. ಹೊಳೆಹೊನ್ನೂರು ಸತ್ಯಧರ್ಮತೀರ್ಥರ ಬೃಂದಾವನವಿರುವ ಊರು. ಕೂಡಲಿ ಮಠಗಳ ಊರು. ಸಂನ್ಯಾಸಿಗಳು ಮಳೆಗಾಲದಲ್ಲಿ ಸಂಚಾರ ನಿಲ್ಲಿಸಿ ಒಂದೇ ಕಡೆ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಜೈನ, ಬೌದ್ಧ ಭಿಕ್ಷುಗಳಲ್ಲೂ ಈ ನಿಯಮ ಹಳೆಯದು. ಮಳೆಗೆ ಹುಟ್ಟಿ ನೆಲದ ಮೇಲೆ ಹರಿದಾಡುವ ಹುಳುಹುಪ್ಪಟೆಗಳು ಕಾಲಿಗೆ ಸಿಕ್ಕಿ ಸಾಯಬಾರದು ಎಂಬುದು ಅದಕ್ಕೆ ಕೊಡುವ ಕಾರಣಗಳಲ್ಲೊಂದು. ಕೊಲ್ಲಬಾರದೆಂದು ಕೂತವರೂ, ಕೊಲ್ಲಲಾಗದೆ ಕೂತವರೂ ಅದೇ ನಾಲ್ಕು ತಿಂಗಳು ಅದೇ ಹೊಳೆಯ ಎರಡು ಬದಿಯಲ್ಲಿ ಕೂತಿದ್ದರು.

ಕೂತವರು ಉಪವಾಸವಿರಲಿಲ್ಲ ಎನ್ನುವುದನ್ನೂ ಸೇರಿಸಬೇಕು. ಮಲೆನಾಡಿನ ಮಳೆಗಾಲಕ್ಕೆ ಅದರದೇ ಬೇಟೆಯಿದೆ. ಮೊದಲ ನೆರೆಗೆ ಮೊಟ್ಟೆಯಿಡಲು ಹಳ್ಳ, ಗದ್ದೆಗಳಿಗೆ ಏರಿ ಬರುವ ಹತ್ತುಮೀನನ್ನು ರಾತ್ರಿ ದೊಂದಿಯ ಬೆಳಕಿನಲ್ಲಿ ಕತ್ತಿಯಿಂದ ಕಡಿಯುವುದು, ಹರಿವಿಗೆ ಅಡ್ಡಲಾಗಿ ಕೂಳಿ ಒಡ್ಡುವುದು, ಏಡಿ ಹಿಡಿಯುವುದು, ಕಳಲೆ ಮುರಿಯುವುದು, ಅಣಬೆ ಆರಿಸುವುದು. ಕೋವಿಯ ಬೇಟೆ ಗಂಡಸರದಾಗಿತ್ತು. ಇದು ಗೊರಬು ಸೂಡಿದ ಹೆಂಗಸರೂ ಕಂಬಳಿಕೊಪ್ಪೆಯ ಮಕ್ಕಳೂ ಸೇರಿದ ಬೇಟೆ. ಬೇಟೆಯ ಇತಿಹಾಸ ಬರೆದವರು ಇದನ್ನು ಬೇಟೆಯೆಂದು ಎಣಿಸಿದ್ದು ಅಪರೂಪ.

ಮಳೆ ಬೇಟೆಗಾರನ ಬದುಕಿನಿಂದ ಏನನ್ನು ಕಸಿಯುತ್ತದೆ ಎಂಬುದಕ್ಕೆ ಕನ್ನಡದ ಓದುಗರ ನೆನಪಿನಲ್ಲಿ ಅಚ್ಚಾಗಿ ಉಳಿದಿರುವುದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹುಲಿಯ. 1967ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ನಾಯಿಗುತ್ತಿಯ ಜೊತೆ ಕಾಡುಮೇಡು ಅಲೆದ ಆ ನಾಯಿ, ಹುಲಿಗಲ್ಲ, ಹಂದಿಗಲ್ಲ, ಉಕ್ಕಿದ ತುಂಗೆಗೆ ಬಲಿಯಾಗುತ್ತದೆ. 'ಮಲೆನಾಡಿನ ಚಿತ್ರಗಳು' ಎಂಬ 1933ರ ಪ್ರಬಂಧಗಳಿಂದಲೂ ಬೇಟೆಯ ಸಂಭ್ರಮವನ್ನು ಬಲ್ಲ ಲೇಖಕ, ಕೊನೆಯ ಮಾತನ್ನು ಹೊಳೆಗೆ ಬಿಟ್ಟದ್ದು ಗಮನಾರ್ಹ.

ಮಳೆಯ ಸೋಲು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸರ್ಕಾರಗಳು ಬೇಟೆಗೆ ಕಾನೂನು ತರತೊಡಗಿದವು. ನೀಲಗಿರಿಗೆ 1879ರಲ್ಲಿ ಬಂದ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯಿದೆ ಬೇಟೆ ನಿಷೇಧದ ಕಾಲವನ್ನು ಗೊತ್ತುಮಾಡುವ ಅಧಿಕಾರ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಇಂಥದೇ ನಿಬಂಧನೆ ಜಾರಿಯಾಯಿತು. 1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ಕಾಯಿದೆ ಬ್ರಿಟಿಷ್ ಪ್ರಾಂತಗಳಿಗೆ ಇದೇ ತತ್ವವನ್ನು ವಿಸ್ತರಿಸಿತು. ವರ್ಷದಲ್ಲಿ ಕೆಲವು ತಿಂಗಳು ಕೋವಿ ಸುಮ್ಮನಿರಬೇಕು, ಮರಿ ಹಾಕುವ, ಮೊಟ್ಟೆಯಿಡುವ ಪ್ರಾಣಿಪಕ್ಷಿಗಳಿಗೆ ಬಿಡುವು ಸಿಗಬೇಕು ಎಂಬುದು ಹೊಸ ಯೋಚನೆ ಎಂಬಂತೆ ಕಾಗದದ ಮೇಲೆ ಬಂತು. ಘಟ್ಟದ ಕಾಡುಗಳಲ್ಲಿ ಈ ಬಿಡುವನ್ನು ಮಳೆ ಅದಕ್ಕೂ ಮೊದಲಿನಿಂದ ಪುಕ್ಕಟೆಯಾಗಿ ಕೊಡುತ್ತಿತ್ತು. ಅದಕ್ಕೆ ಪರವಾನಗಿ ಬೇಕಿರಲಿಲ್ಲ, ಲಂಚ ನಡೆಯುತ್ತಿರಲಿಲ್ಲ.

ಆದರೆ ಕಾನೂನಿನ ಅಗತ್ಯ ಬಿದ್ದದ್ದೂ ಸುಳ್ಳಲ್ಲ. ಮಳೆಯ ಕಾವಲು ನಿಂತದ್ದು ಮೂರು ಕಂಬಗಳ ಮೇಲೆ: ತೇವಕ್ಕೆ ಕೆಡುವ ಮದ್ದು, ದಾಟಲಾಗದ ಹಳ್ಳ, ಕಾಣಲಾಗದ ಕತ್ತಲೆ. ಒಂದೊಂದಾಗಿ ಮೂರೂ ಉರುಳಿದವು. ಬೆಂಕಿಪುರದಲ್ಲಿ, ಅಂದರೆ ಇಂದಿನ ಭದ್ರಾವತಿಯಲ್ಲಿ, ಸ್ಥಾಪನೆಯಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಬೀಡು ಕಬ್ಬಿಣ ತಯಾರಿಸತೊಡಗಿತು. ಆ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲ ಕಾಡಿನ ಮರದ ಇದ್ದಿಲಿನಿಂದ. ಸೌದೆ ತರಲು ಟ್ರಾಮ್ ಹಳಿಗಳು, ಕೂಪಿನ ರಸ್ತೆಗಳು ಕಾಡಿನ ಒಳಕ್ಕೆ ಹೋದವು. ಹೆಸರು ಕೇಳಿದರೇ ಉಂಬಳ ನೆನಪಾಗುವ ಉಂಬ್ಳೆಬೈಲಿನಂಥ ಕಡೆಗೂ ಗಾಡಿ ಹೋಗುವಂತಾಯಿತು. ನಾಡಿಗೆ ಅನ್ನ ಕೊಟ್ಟ ಕಾರ್ಖಾನೆಯನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ರಸ್ತೆ ಮಾಡಿದವರು ಬೇಟೆಗೆಂದು ಮಾಡಲಿಲ್ಲ. ಬೇಟೆಗಾರರು ಮಾತ್ರ ಅದನ್ನು ಬಿಡಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಜೀಪುಗಳು ಹರಾಜಿಗೆ ಬಂದವು. ಬ್ಯಾಟರಿಯ ದೀಪ ಕತ್ತಲೆಯನ್ನು ಗೆದ್ದಿತು. ಆಹಾರದ ಕೊರತೆಯ ಆ ವರ್ಷಗಳಲ್ಲಿ ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿಗಳನ್ನು ಧಾರಾಳವಾಗಿ ಕೊಡಲಾಯಿತು. ರಟ್ಟಿನ ತೋಟೆಯ ಜಾಗಕ್ಕೆ 1960ರ ನಂತರ ಪ್ಲಾಸ್ಟಿಕ್ ತೋಟೆ ಬಂತು. ಅದು ನೆನೆಯುವುದೂ ಇಲ್ಲ, ಉಬ್ಬುವುದೂ ಇಲ್ಲ. ಮಳೆ ಬಂದರೆ ಜೀಪಿನ ಮೇಲೆ ಟಾರ್ಪಾಲು ಎಳೆದರಾಯಿತು. ಮಲೆನಾಡಿನ ಹಿರಿಯರನ್ನು ಕೇಳಿದರೆ ಕಾಡು ಬರಿದಾದದ್ದು ರಾಜರ ಕಾಲದಲ್ಲಿ ಎನ್ನುವುದಿಲ್ಲ, ಜೀಪು ಬಂದ ಮೇಲೆ ಎನ್ನುತ್ತಾರೆ. ಅದೇ ನಿಜಕ್ಕೆ ಹೆಚ್ಚು ಹತ್ತಿರ. ಸಾವಿರ ವರ್ಷದ ಈಟಿ, ಬಲೆ, ಬತ್ತಿಕೋವಿಗಳಿಂದ ಆಗದ್ದು ಕಾಲು ಶತಮಾನದಲ್ಲಿ ಆಗಿಹೋಯಿತು. ಮಳೆಗೂ ಹೆದರದ ಬೇಟೆಗಾರ ಹುಟ್ಟಿದ್ದು ಆಗಲೇ.

ಅದರ ಉತ್ತರವೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಪರವಾನಗಿಯ ಮೇಲೆ ಆಡುವ ಮೋಜಿನ ಬೇಟೆಗೆ ಉಳಿದಿದ್ದ ಸಂದನ್ನೂ 1991ರ ತಿದ್ದುಪಡಿ ಮುಚ್ಚಿತು. ಭದ್ರೆಯ ಮೇಲ್ಗಡೆ ಜಾಗರ ಕಣಿವೆಯಲ್ಲಿ 1951ರಲ್ಲೇ ಸಣ್ಣದೊಂದು ಅಭಯಾರಣ್ಯವಿತ್ತು. 1974ರಲ್ಲಿ ಅದು ಲಕ್ಕವಳ್ಳಿಯ ಕಾಡುಗಳನ್ನು ಸೇರಿಸಿಕೊಂಡು ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಶಿವಮೊಗ್ಗದ ಮಗ್ಗುಲಿನ ಶೆಟ್ಟಿಹಳ್ಳಿ ಅಭಯಾರಣ್ಯವೂ 1974ರದೇ. ಹೊಳೆಹೊನ್ನೂರಿನಲ್ಲಿ ಹರಿಯುವ ಭದ್ರೆ ಈಗ ಬೆಟ್ಟದ ಹವೆಯನ್ನು ಮೊದಲಿನಂತೆ ಹೇಳುವುದಿಲ್ಲ. ಅದು ಹೇಳುವುದು ಅಣೆಕಟ್ಟಿನ ಗೇಟು ತೆರೆದಿದೆಯೋ ಇಲ್ಲವೋ ಎಂಬುದನ್ನು. ಕಡಿವಾಣವಿಲ್ಲದೆ ಸುದ್ದಿ ತರುತ್ತಿದ್ದ ಹೊಳೆ ಹಿನ್ನೀರಾಗಿ ನಿಂತಲ್ಲಿ ಬೇಸಗೆಯ ಸಂಜೆ ಆನೆ, ಕಾಟಿಗಳು ನೀರಿಗಿಳಿಯುತ್ತವೆ.

ಮಳೆಯ ಪಾತ್ರ ಮಾತ್ರ ಈಗ ತಿರುಗಾಮುರುಗಾ ಆಗಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಾಡಿನ ದಾರಿಗಳು ಕೆಸರಾಗುತ್ತವೆ, ಪ್ರವಾಸಿಗರು ಕಡಿಮೆ, ಹಳ್ಳ ತುಂಬಿ ಗಸ್ತಿನ ವಾಹನ ಮುಂದೆ ಹೋಗದು. ಹಿಂದೆ ಬೇಟೆಯನ್ನು ಕೆಡಿಸುತ್ತಿದ್ದ ಅದೇ ಸದ್ದು ಈಗ ಗುಂಡಿನ ಸದ್ದನ್ನು ಮುಚ್ಚುತ್ತದೆ; ನೆತ್ತರಿನ ಗುರುತು ತೊಳೆಯುತ್ತಿದ್ದ ಅದೇ ನೀರು ಕಳ್ಳಬೇಟೆಯವರ ಹೆಜ್ಜೆಯನ್ನೂ ತೊಳೆಯುತ್ತದೆ. ಉರುಳಿಗೆ ಒಣಮದ್ದಿನ ಹಂಗಿಲ್ಲ, ಬೆಳಕಿನ ಹಂಗೂ ಇಲ್ಲ. ಆದ್ದರಿಂದಲೇ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಲಿ ಅಭಯಾರಣ್ಯಗಳಲ್ಲಿ ಮಳೆಗಾಲಕ್ಕೆಂದೇ ಪ್ರತ್ಯೇಕ ಗಸ್ತನ್ನು ಕೇಳುತ್ತದೆ. ಕಳ್ಳಬೇಟೆ ತಡೆ ಶಿಬಿರಗಳ ಕಾವಲುಗಾರರು ಮಳೆ ಹಿಡಿದ ದಿನಗಳಲ್ಲಿ ವಾಹನ ಬಿಟ್ಟು ಕಾಲ್ನಡಿಗೆಯಲ್ಲೇ ಹೋಗಬೇಕು. ಹೊರಡುವ ಮುನ್ನ ಕಾಲಿಗೆ, ಇಂಬಳ ಹತ್ತದಂತೆ, ಹಿಂದಿನ ಬೇಟೆಗಾರರು ಹಚ್ಚಿಕೊಳ್ಳುತ್ತಿದ್ದ ಉಪ್ಪು, ಸುಣ್ಣ, ಹೊಗೆಸೊಪ್ಪೇ ಇಂದಿಗೂ ಬೇಕು.